ಒಂದು ಪೆಗ್, 30 ಮಿಲಿಗ್ರಾಂ, ಒಂದು ನಾಕಾಬಂದಿ: ಮಿತಿ ಇಳಿಸಿದರೆ ಸಾವು ಇಳಿಯುತ್ತಾ?

"ಒಂದೇ ಪೆಗ್ ಹಾಕಿದ್ದು, ಗಾಡಿ ಓಡಿಸಬಹುದಲ್ವಾ?" ಮುಂಬೈಯಲ್ಲಿ ನಮ್ಮವರ ರಿಸೆಪ್ಷನ್ ಇರಲಿ, ಸಂಘದ ವಾರ್ಷಿಕೋತ್ಸವ ಮುಗಿಸಿ ಗೆಳೆಯರೆಲ್ಲ ಕೂತು ಮಾಡುವ ಊಟ ಇರಲಿ, ಈ ಪ್ರಶ್ನೆ ಒಮ್ಮೆಯಾದರೂ ಬಂದೇ ಬರುತ್ತದೆ. ಉತ್ತರ ಹೇಳುವವರೂ ಅಲ್ಲೇ ಇರುತ್ತಾರೆ. ಈ ಊರಿನ ಎಷ್ಟೋ ಪರ್ಮಿಟ್ ರೂಮ್‌ಗಳು, ಅಂದರೆ ಲೈಸೆನ್ಸ್ ಇರುವ ಬಾರ್‌ಗಳು, ನಮ್ಮ ಕರಾವಳಿಯವರವು. ಗಲ್ಲಾದಲ್ಲಿ ಕೂತವರು, ಕ್ಯಾಪ್ಟನ್, ವೇಟರ್ ಹೀಗೆ ಮೂರು ತಲೆಮಾರು ಇದೇ ಕಸುಬಿನಲ್ಲಿ ಬದುಕು ಕಟ್ಟಿಕೊಂಡ ಮನೆಗಳಿವೆ. ಕುಡಿದು ಗಾಡಿ ಓಡಿಸುವುದಕ್ಕೆ ಸಂಬಂಧಿಸಿದ ಕಾನೂನು ನಮಗೆ ಎಲ್ಲೋ ದೂರದ ವಿಷಯವಲ್ಲ. ಕುಡಿಯುವವರಲ್ಲಿ ನಾವಿದ್ದೇವೆ, ಬಡಿಸುವವರಲ್ಲಿ ನಾವಿದ್ದೇವೆ, ರಾತ್ರಿ ಬಸ್ಸು ಹತ್ತಿ ಚಾಲಕನನ್ನು ನಂಬಿ ಮಲಗುವವರಲ್ಲೂ ನಾವಿದ್ದೇವೆ.

ರಕ್ತದಲ್ಲಿ ಮದ್ಯದ ಪ್ರಮಾಣದ ಮಿತಿಯನ್ನು ಇಳಿಸಬೇಕು ಅನ್ನುವ ಮಾತು ಹಲವು ದೇಶಗಳಲ್ಲಿ ನಡೆದಿದೆ. ಕೆಲವರು ಇಳಿಸಿಯೂ ಆಗಿದೆ. ನಮ್ಮಲ್ಲೂ ಪ್ರತಿ ದೊಡ್ಡ ಅಪಘಾತ ಆದಾಗ "ಸೊನ್ನೆ ಮಾಡಿಬಿಡಿ" ಅನ್ನುವ ಕೂಗು ಏಳುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಂಖ್ಯೆ ಇಳಿಸುವುದರಿಂದ ಪ್ರಯೋಜನ ಇದೆ. ಆದರೆ ಅದು ಸಿಗುವುದು ಜನರಿಗೆ "ಇವತ್ತು ನನ್ನನ್ನು ಹಿಡಿಯುತ್ತಾರೆ" ಅನಿಸಿದಾಗ ಮಾತ್ರ. ನಮ್ಮ ದೇಶದಲ್ಲಿ ಸಂಖ್ಯೆ ಈಗಾಗಲೇ ಸಾಕಷ್ಟು ಕಡಿಮೆ ಇದೆ. ಕೊರತೆ ಇರುವುದು ತಪಾಸಣೆಯಲ್ಲಿ. ಹಾಗಿದ್ದರೂ ಒಂದು ಗುಂಪಿನ ಚಾಲಕರ ವಿಷಯದಲ್ಲಿ ಮಿತಿ ಇಳಿಸಲೇಬೇಕು. ಅದು ಯಾರು, ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಮಿತಿ ಎಷ್ಟು?

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185ರ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅಪರಾಧ. ಕಾಯ್ದೆ ಬಂದ ಹೊಸದರಲ್ಲಿ ಹೀಗಿರಲಿಲ್ಲ. ಎಷ್ಟೇ ಸ್ವಲ್ಪ ಇದ್ದರೂ ತಪ್ಪು ಅಂತಲೇ ಇತ್ತು. 1994ರ ತಿದ್ದುಪಡಿಯಲ್ಲಿ 30 ಬಂತು. ಅಂದರೆ "ಸೊನ್ನೆ ಮಾಡಿ" ಅನ್ನುವವರು ಹೊಸದೇನನ್ನೂ ಕೇಳುತ್ತಿಲ್ಲ. ಒಮ್ಮೆ ಪುಸ್ತಕದಲ್ಲಿ ಇದ್ದದ್ದನ್ನೇ ಕೇಳುತ್ತಿದ್ದಾರೆ.

ಇಂಗ್ಲೆಂಡಿನಲ್ಲಿ 1967ರಿಂದ ಇರುವ ಮಿತಿ 80. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲೂ 80. ಯುರೋಪಿನ ಬಹಳಷ್ಟು ದೇಶಗಳಲ್ಲಿ, ಆಸ್ಟ್ರೇಲಿಯಾದಲ್ಲಿ 50. ಸ್ವೀಡನ್, ನಾರ್ವೆಗಳಲ್ಲಿ 20. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಏನೆಂದರೆ ಸಾಮಾನ್ಯ ಚಾಲಕರಿಗೆ 50 ಮೀರಬಾರದು, ಹೊಸಬರಿಗೆ ಮತ್ತು ಬಾಡಿಗೆ ವಾಹನ ಓಡಿಸುವವರಿಗೆ 20 ಮೀರಬಾರದು. ನಮ್ಮ 30 ಇವೆರಡರ ಮಧ್ಯೆ ನಿಲ್ಲುತ್ತದೆ.

ಶಿಕ್ಷೆಯೂ ಹಗುರವಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲ ಎರಡು ವರ್ಷದವರೆಗೆ ಜೈಲು, ದಂಡ 15,000. ಇದು 2019ರ ತಿದ್ದುಪಡಿಯ ನಂತರದ ಲೆಕ್ಕ. ಹೆಲ್ಮೆಟ್ ಇಲ್ಲದ್ದಕ್ಕೆ ಬರುವ ಚಲನ್‌ನಂತೆ ಇದನ್ನು ಮೊಬೈಲ್‌ನಲ್ಲಿ ಕಟ್ಟಿ ಮುಗಿಸುವ ಹಾಗಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಲೇಬೇಕು. ಇನ್ನೊಂದು ಮಾತು ಬಹಳ ಜನರಿಗೆ ಗೊತ್ತಿಲ್ಲ. ಓಡಿಸಿದರೆ ಮಾತ್ರ ಅಪರಾಧ ಅಂತಲ್ಲ, ಓಡಿಸಲು ಪ್ರಯತ್ನಿಸಿದರೂ ಅಪರಾಧ. ಪಾರ್ಕಿಂಗ್‌ನಿಂದ ಸ್ವಲ್ಪ ಈಚೆ ತೆಗೆದು ನಿಲ್ಲಿಸುತ್ತಿದ್ದೆ ಅನ್ನುವ ಸಬೂಬು ನಡೆಯುವುದಿಲ್ಲ.

30 ಮಿಲಿಗ್ರಾಂ ಅಂದರೆ ಎಷ್ಟು ಪೆಗ್?

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಎಲ್ಲರೂ ಎಡವುವುದು ಇಲ್ಲೇ.

ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಬಾಟಲಿಯ ಮೇಲೆ ಬರೆದಿರುತ್ತದೆ, ನೋಡಿ. ಬಾರಿನಲ್ಲಿ ಸ್ಮಾಲ್ ಅಂದರೆ 30 ಮಿ.ಲೀ., ಲಾರ್ಜ್ ಅಂದರೆ 60. ಒಂದು ಲಾರ್ಜ್‌ನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಅದು ದೇಹದ ನೀರಿನಲ್ಲೆಲ್ಲ ಹರಡಿಕೊಳ್ಳುತ್ತದೆ. ಗಂಡಸರ ದೇಹದಲ್ಲಿ ನೀರಿನ ಪಾಲು ಜಾಸ್ತಿ, ಹೆಂಗಸರಲ್ಲಿ ಕಡಿಮೆ. ಸ್ವೀಡನ್ನಿನ ವಿಜ್ಞಾನಿ ವಿಡ್‌ಮಾರ್ಕ್ ಇದಕ್ಕೆ ಒಂದು ಸೂತ್ರ ಕೊಟ್ಟರು, ಇವತ್ತಿಗೂ ಎಲ್ಲರೂ ಬಳಸುವುದು ಅದನ್ನೇ. ಅದರ ಪ್ರಕಾರ 70 ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದು ಲಾರ್ಜ್ ಹಾಕಿದರೆ ರಕ್ತದಲ್ಲಿ ಅಂದಾಜು 43 ಮಿಲಿಗ್ರಾಂ. ಅಲ್ಲಿಗೇ ಮಿತಿ ದಾಟಿತು. 55 ಕಿಲೋ ತೂಕದ ಹೆಂಗಸಿಗೆ ಅದೇ ಲಾರ್ಜ್ 65ರ ಮೇಲೆ ಹೋಗುತ್ತದೆ. ಸ್ಮಾಲ್ ಒಂದೇ ಆದರೆ ಆ 70 ಕಿಲೋ ಗಂಡಸಿಗೆ 21ರ ಆಸುಪಾಸು.

ಬಿಯರ್ ಅಂದರೆ ಏನೂ ಅಲ್ಲ ಅಂತ ತಿಳಿದವರು ಜಾಸ್ತಿ. 650 ಮಿ.ಲೀ. ಬಾಟಲಿ, ಶೇಕಡಾ 5ರ ಮೈಲ್ಡ್ ಆದರೆ 54 ಮಿಲಿಗ್ರಾಂ. ಶೇಕಡಾ 8ರ ಸ್ಟ್ರಾಂಗ್ ಆದರೆ 86. ಅಂದರೆ ಒಂದು ಸ್ಟ್ರಾಂಗ್ ಬಿಯರ್ ಎರಡು ಲಾರ್ಜ್ ವಿಸ್ಕಿಗೆ ಸಮ. ಇದನ್ನು ಹೇಳಿದಾಗ ನಂಬದೆ ನಕ್ಕವರನ್ನು ನೋಡಿದ್ದೇನೆ. ಗುಣಾಕಾರ ಮಾಡಿ ತೋರಿಸಬೇಕಾಯಿತು. ಗೋವಾಕ್ಕೆ ಹೋದವರು ಫೆನಿಯನ್ನು ಹಣ್ಣಿನ ರಸದ ಜೊತೆ ಬೆರೆಸಿ ಕುಡಿದು "ಹಗುರ ಇದೆ" ಅನ್ನುತ್ತಾರೆ. ಮಾರಾಟದ ಫೆನಿಯಲ್ಲೂ ಸಾಮಾನ್ಯವಾಗಿ ಅದೇ ಶೇಕಡಾ 42.8. ಹಗುರ ಅನಿಸಿದ್ದು ನಾಲಿಗೆಗೆ ಮಾತ್ರ.

ಇವೆಲ್ಲ ಬಾರಿನ ಅಳತೆಯ ಲೆಕ್ಕ. ಬಾರಿನಲ್ಲಿ ವೇಟರ್ ಕೈಯಲ್ಲಿ ಸ್ಟೀಲಿನ ಅಳತೆ ಇರುತ್ತದೆ. ಒಂದು ಕಡೆ 30, ತಿರುಗಿಸಿದರೆ 60. ಅಂಚಿನ ತನಕ ತುಂಬಿ ಗ್ಲಾಸಿಗೆ ಬಗ್ಗಿಸುತ್ತಾನೆ. ಮನೆಯ ಪಾರ್ಟಿಯಲ್ಲಿ ಆ ಅಳತೆ ಎಲ್ಲಿಂದ ಬರಬೇಕು? ಡೊಂಬಿವಲಿಯಲ್ಲಿ ನೆಂಟರ ಮನೆಯಲ್ಲಿ ಒಮ್ಮೆ ಇದನ್ನು ಪರೀಕ್ಷಿಸಿ ನೋಡಿದೆವು. ಭಾವ ಎಂದಿನಂತೆ ಕಣ್ಣಳತೆಯಲ್ಲಿ ಒಂದು ಪೆಗ್ ಹಾಕಿದರು. ಅದನ್ನು ಮಗುವಿನ ಔಷಧಿ ಅಳೆಯುವ ಪ್ಲಾಸ್ಟಿಕ್ ಮುಚ್ಚಳದಲ್ಲಿ ಸ್ವಲ್ಪ ಸ್ವಲ್ಪವೇ ಅಳೆದೆವು. 90 ಮಿ.ಲೀ. ಹತ್ತಿರ ಬಂತು. ಭಾವ ಮುಚ್ಚಳವನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಅಂಥ ಎರಡು ಪೆಗ್ ಹಾಕಿದವರು "ಎರಡೇ ಹಾಕಿದ್ದು" ಅಂದರೆ ಅದು ಸುಳ್ಳಲ್ಲ. ಆದರೆ ಅವರ ರಕ್ತದಲ್ಲಿ 120ರ ಮೇಲೆ ಇರುತ್ತದೆ.

ಇನ್ನು ಇಳಿಯುವ ಲೆಕ್ಕ. ಹೊಟ್ಟೆ ತುಂಬಿದ್ದರೆ ಆಲ್ಕೋಹಾಲ್ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಅಷ್ಟೇ. ಚಕ್ನಾ ತಿಂದರೂ ಬಿರಿಯಾನಿ ತಿಂದರೂ ಒಳಗೆ ಹೋದದ್ದು ಮಾಯವಾಗುವುದಿಲ್ಲ. ಅದನ್ನು ಕರಗಿಸುವ ಕೆಲಸ ಬಹುಪಾಲು ಲಿವರ್‌ನದ್ದು. ತೊಟ್ಟಿಯಲ್ಲಿ ಎಷ್ಟೇ ನೀರಿದ್ದರೂ ಸಣ್ಣ ನಲ್ಲಿ ಒಂದೇ ವೇಗದಲ್ಲಿ ಸುರಿಯುವ ಹಾಗೆ, ಲಿವರ್ ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಸುತ್ತದೆ. ಕೆಲವರಲ್ಲಿ 10, ಕೆಲವರಲ್ಲಿ 20. ಕಾಫಿ, ನಿಂಬೆ ಶರಬತ್ತು, ಮಜ್ಜಿಗೆ, ತಣ್ಣೀರು ಸ್ನಾನ, ಇದ್ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಕಾಫಿ ಕುಡಿದರೆ ನಿದ್ದೆ ಹೋಗುತ್ತದೆ, ನಶೆ ಅಲ್ಲೇ ಇರುತ್ತದೆ.

ಈಗ ಒಂದು ಶನಿವಾರ ರಾತ್ರಿ ಊಹಿಸಿಕೊಳ್ಳಿ. 70 ಕಿಲೋ ಆಸಾಮಿ ಒಂಬತ್ತಕ್ಕೆ ಶುರು ಮಾಡಿ ಒಂದು ಗಂಟೆಯೊಳಗೆ ಐದು ಲಾರ್ಜ್ ಮುಗಿಸಿದ. ಅಷ್ಟರಲ್ಲಿ ಲಿವರ್ ಕರಗಿಸಿದ್ದನ್ನು ಕಳೆದರೂ ರಕ್ತದಲ್ಲಿ ಸುಮಾರು 198 ಉಳಿದಿರುತ್ತದೆ. ರಿಕ್ಷಾ ಹಿಡಿದು ಮನೆಗೆ ಹೋಗಿ ಮಲಗಿದ, ಒಳ್ಳೆಯದೇ ಮಾಡಿದ. ಬೆಳಿಗ್ಗೆ ಎಂಟಕ್ಕೆ ಎದ್ದು ಸ್ನಾನ ಮಾಡಿ, ತಿಂಡಿ ತಿಂದು, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಕಾರು ತೆಗೆಯುತ್ತಾನೆ. ಆಗ ಅವನ ರಕ್ತದಲ್ಲಿ ಇನ್ನೂ 45ರ ಮೇಲೆ ಇದೆ. 30ಕ್ಕಿಂತ ಕೆಳಗೆ ಬರಬೇಕಾದರೆ ಒಂಬತ್ತೂಕಾಲು ಆಗಬೇಕು. ಕುಡಿದ ಮರುದಿನ ಬೆಳಿಗ್ಗೆ ಗಾಡಿ ಹತ್ತುವ ಸ್ಕೂಲ್ ವ್ಯಾನ್, ಟೆಂಪೋ, ಲಾರಿ ಚಾಲಕರ ಬಗ್ಗೆ ನನಗೆ ಜಾಸ್ತಿ ಕಳವಳ ಆಗುವುದು ಇದಕ್ಕೇ. ಅವರಿಗೆ ತಾವು ಕುಡಿದಿದ್ದೇವೆ ಅಂತಲೇ ಅನಿಸಿರುವುದಿಲ್ಲ.

ಅಷ್ಟು ಕಡಿಮೆ ಪ್ರಮಾಣದಲ್ಲಿ ಅಪಾಯ ಇದೆಯಾ?

ಇದೆ. ಆದರೆ ಒಂದೇ ಸಮನಾಗಿ ಏರುವುದಿಲ್ಲ. 20 ಮಿಲಿಗ್ರಾಂ ಹೊತ್ತಿಗೇ ಚಲಿಸುವ ವಸ್ತುವನ್ನು ಕಣ್ಣಲ್ಲಿ ಹಿಂಬಾಲಿಸುವ ಶಕ್ತಿ, ಏಕಕಾಲಕ್ಕೆ ಎರಡು ಕಡೆ ಗಮನ ಇಡುವ ಶಕ್ತಿ ಕುಗ್ಗಲು ಶುರುವಾಗುತ್ತದೆ. ಮುಂಬೈಯ ರಸ್ತೆಯಲ್ಲಿ ಎರಡು ಕಡೆ ಅಲ್ಲ, ಆರು ಕಡೆ ಗಮನ ಇರಬೇಕು. 50ರ ಹೊತ್ತಿಗೆ ಸ್ಟೀರಿಂಗ್ ಹಿಡಿತ, ತಕ್ಷಣ ಸ್ಪಂದಿಸುವುದು ಎರಡೂ ಕುಂಠಿತ. 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 16 ಮೀಟರ್‌ಗಿಂತ ಜಾಸ್ತಿ ಓಡುತ್ತದೆ. ಬ್ರೇಕ್ ಒತ್ತುವುದು ಮೂರನೇ ಒಂದು ಸೆಕೆಂಡ್ ತಡವಾದರೂ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟರೊಳಗೆ ಒಂದು ಜೀಬ್ರಾ ಕ್ರಾಸಿಂಗ್ ದಾಟಿಬಿಡುತ್ತದೆ.

ಅಮೆರಿಕದಲ್ಲಿ ಅಪಘಾತವಾದ ಚಾಲಕರನ್ನೂ, ಅದೇ ಜಾಗ ಅದೇ ಹೊತ್ತಿನಲ್ಲಿ ಅಪಘಾತವಿಲ್ಲದೆ ಹೋಗುತ್ತಿದ್ದ ಚಾಲಕರನ್ನೂ ಹೋಲಿಸಿ ನೋಡಿದ ದೊಡ್ಡ ಅಧ್ಯಯನ ಇದೆ. ಕುಡಿಯದವನ ಅಪಾಯ 1 ಅಂತಿಟ್ಟುಕೊಂಡರೆ 50 ಮಿಲಿಗ್ರಾಂನಲ್ಲಿ ಅದು ಸುಮಾರು 1.4. 80ರಲ್ಲಿ 2.7. 100ರಲ್ಲಿ 4.8. 150ರಲ್ಲಿ 22. ಮೊದಲು ಮೆಲ್ಲಗೆ ಏರಿ ಆಮೇಲೆ ಜಿಗಿಯುತ್ತದೆ.

ಮುಂಬೈಗೆ ಇದರ ಅರ್ಥ ಚೆನ್ನಾಗಿ ಗೊತ್ತಿರಬೇಕು. 2006ರ ನವೆಂಬರ್‌ನಲ್ಲಿ ಬಾಂದ್ರಾದ ಕಾರ್ಟರ್ ರಸ್ತೆಯ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿ ಕಾರ್ಮಿಕರ ಮೇಲೆ ಕಾರು ಹರಿಯಿತು. ಏಳು ಜನ ಸತ್ತರು, ಎಂಟು ಜನರಿಗೆ ಗಾಯ. ಚಾಲಕನ ರಕ್ತದಲ್ಲಿ ಇದ್ದದ್ದು 112 ಮಿಲಿಗ್ರಾಂ. ಸುಪ್ರೀಂ ಕೋರ್ಟ್ 2012ರಲ್ಲಿ ಮೂರು ವರ್ಷದ ಶಿಕ್ಷೆ ಎತ್ತಿಹಿಡಿದ ತೀರ್ಪಿನಲ್ಲಿ ಈ ಸಂಖ್ಯೆ ಇದೆ.

ಮಿತಿ ಇಳಿಸುವುದನ್ನು ಒಪ್ಪದವರ ಮುಖ್ಯ ವಾದ ಅಪಾಯ ಏರುವ ಇದೇ ಲೆಕ್ಕದಿಂದ ಹುಟ್ಟುತ್ತದೆ. "ಜನರನ್ನು ಕೊಲ್ಲುವವರು 100, 150 ಇರುವವರು. ಅವರು ಈಗಿನ 30ನ್ನೇ ಲೆಕ್ಕಕ್ಕೆ ಇಟ್ಟಿಲ್ಲ. ಅದನ್ನು 20 ಮಾಡಿದರೆ ಅವರಿಗೇನು? ಒಂದು ಸ್ಮಾಲ್ ಹಾಕಿದ ಬಡಪಾಯಿ ಮಾತ್ರ ಸಿಕ್ಕಿಬೀಳುತ್ತಾನೆ." ಈ ವಾದವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಇದರಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧಕ್ಕೆ ಮಿತಿ ಇಳಿಸಿದ ಊರುಗಳ ಅನುಭವ ನೋಡಬೇಕು.

ಇಳಿಸಿದವರಿಗೆ ಏನಾಯಿತು?

ಸ್ಕಾಟ್ಲೆಂಡ್ 2014ರ ಡಿಸೆಂಬರ್ 5ರಂದು 80ರಿಂದ 50ಕ್ಕೆ ಇಳಿಸಿತು. ಪಕ್ಕದ ಇಂಗ್ಲೆಂಡ್, ವೇಲ್ಸ್ 80ರಲ್ಲೇ ಉಳಿದವು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿ ದ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಇಂಗ್ಲೆಂಡ್, ವೇಲ್ಸ್‌ಗೆ ಹೋಲಿಸಿದರೆ ಅಪಘಾತಗಳು ಕಡಿಮೆಯಾಗಿರಲಿಲ್ಲ. ಪಬ್‌ಗಳಲ್ಲಿ ಕುಡಿಯುವುದು ಒಂಚೂರು ಇಳಿದಿತ್ತು, ಅಷ್ಟೇ. ರಸ್ತೆಯಲ್ಲಿ ತಪಾಸಣೆ ಹೆಚ್ಚಾಗದೇ ಇದ್ದದ್ದು, ರಾತ್ರಿ ಮನೆಗೆ ಹೋಗಲು ಅಗ್ಗದ ಬೇರೆ ದಾರಿ ಇಲ್ಲದ್ದು ಕಾರಣ ಇರಬಹುದು ಅನ್ನುವುದು ಅವರ ಅನಿಸಿಕೆ.

ಅಮೆರಿಕದ ಯೂಟಾ ರಾಜ್ಯದ ಕತೆ ಬೇರೆ. 2018ರ ಡಿಸೆಂಬರ್ ಕೊನೆಯಲ್ಲಿ ಅದು 80ರಿಂದ 50ಕ್ಕೆ ಇಳಿಸಿತು. ಆ ದೇಶದಲ್ಲಿ ಮೊದಲನೆಯ ರಾಜ್ಯ. 2016ಕ್ಕೆ ಹೋಲಿಸಿದರೆ 2019ರಲ್ಲಿ ಪ್ರಾಣ ತೆಗೆಯುವ ಅಪಘಾತಗಳ ದರ ಅಲ್ಲಿ ಶೇಕಡಾ 19.8 ಇಳಿಯಿತು. ದೇಶದ ಉಳಿದ ಭಾಗದಲ್ಲಿ ಇಳಿದದ್ದು ಶೇಕಡಾ 5.6. ನನಗೆ ಹೆಚ್ಚು ಮುಖ್ಯ ಅನಿಸಿದ್ದು ಇನ್ನೊಂದು ಸಂಗತಿ. ಸಮೀಕ್ಷೆಯಲ್ಲಿ ಕುಡಿಯುವವರ ಪೈಕಿ ಐದರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಕಾನೂನು ಬಂದ ಮೇಲೆ ತಮ್ಮ ಅಭ್ಯಾಸ ಬದಲಿಸಿಕೊಂಡಿದ್ದಾಗಿ ಹೇಳಿದರು. ಏನು ಬದಲಿಸಿದರು? ಕುಡಿಯುವುದನ್ನು ಬಿಟ್ಟಿರಲಿಲ್ಲ. ಮನೆಯಿಂದ ಹೊರಡುವಾಗಲೇ ವಾಪಸ್ ಬರುವ ಗಾಡಿಯ ಏರ್ಪಾಡು ಮಾಡಿಕೊಂಡಿದ್ದರು. ಮದ್ಯದ ಮಾರಾಟವೂ ಇಳಿಯಲಿಲ್ಲ, ಏರುತ್ತಲೇ ಹೋಯಿತು. ಹೋಟೆಲ್ ನಡೆಸುವ ನಮ್ಮವರು ಈ ಸಾಲನ್ನು ಇನ್ನೊಮ್ಮೆ ಓದಬೇಕು. ಮಿತಿ ಬಿಗಿಯಾದರೆ ವ್ಯಾಪಾರ ಮುಳುಗುತ್ತದೆ ಅನ್ನುವ ಹೆದರಿಕೆ ಅಲ್ಲಿ ನಿಜವಾಗಲಿಲ್ಲ.

ಮಿತಿ ಮತ್ತು ತಪಾಸಣೆ, ಈ ಎರಡರ ಪರಿಣಾಮವನ್ನೂ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ಬಿಡಿಬಿಡಿಯಾಗಿ ತೋರಿಸಿಕೊಟ್ಟಿದೆ. 1980ರಲ್ಲಿ ಅದು ಮಿತಿಯನ್ನು 80ರಿಂದ 50ಕ್ಕೆ ತಂದಿತು. ಸ್ವಲ್ಪ ಪರಿಣಾಮ ಕಾಣಿಸಿತು. ದೊಡ್ಡ ಇಳಿಕೆ ಬಂದದ್ದು 1982ರ ಡಿಸೆಂಬರ್ ನಂತರ. ಆ ತಿಂಗಳಿಂದ ಅಲ್ಲಿನ ಪೊಲೀಸರು ಯಾವ ಚಾಲಕನನ್ನು ಬೇಕಾದರೂ, ಯಾವ ಅನುಮಾನವೂ ಇಲ್ಲದೆ, ನಿಲ್ಲಿಸಿ ಉಸಿರಿನಲ್ಲಿ ಆಲ್ಕೋಹಾಲ್ ಅಳೆಯುವ ಯಂತ್ರಕ್ಕೆ ಊದಿಸಲು ಶುರು ಮಾಡಿದರು. ದೊಡ್ಡ ಮಟ್ಟದಲ್ಲಿ ಮಾಡಿದರು, ಎಲ್ಲರ ಕಣ್ಣಿಗೆ ಕಾಣುವ ಹಾಗೆ ಮಾಡಿದರು. ಇವತ್ತಿಗೂ ನಿಲ್ಲಿಸಿಲ್ಲ. ಅದೇ ದೇಶದ ಕ್ಯಾನ್‌ಬೆರಾ 1991ರಲ್ಲಿ 50ಕ್ಕೆ ಇಳಿಸಿದಾಗ ಅಲ್ಲಿ ಆಗಲೇ ಇಂಥ ತಪಾಸಣೆ ಇತ್ತು. 150 ದಾಟಿ ಓಡಿಸುವವರ ಸಂಖ್ಯೆಯೂ ಅಲ್ಲಿ ಕುಸಿಯಿತು. "ಅವರಿಗೇನು?" ಅನ್ನುವ ಪ್ರಶ್ನೆಗೆ ಇದೇ ಉತ್ತರ. ಹಿಡಿಯುತ್ತಾರೆ ಅಂತ ಖಾತ್ರಿ ಇದ್ದರೆ ವಿಪರೀತ ಕುಡಿಯುವವನೂ ಕೀಲಿಕೈ ಮನೆಯಲ್ಲಿ ಬಿಟ್ಟು ಬರುತ್ತಾನೆ.

ಜಪಾನ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 2002ರಲ್ಲಿ 50ರಿಂದ ನಮ್ಮಷ್ಟೇ, ಅಂದರೆ 30ಕ್ಕೆ ಇಳಿಸಿ ಶಿಕ್ಷೆ ಏರಿಸಿತು. 2007ರಿಂದ ಗೊತ್ತಿದ್ದೂ ಕುಡಿಸಿದವರಿಗೆ, ಜೊತೆಗೆ ಕೂತು ಹೋದವರಿಗೆ ಕೂಡ ಶಿಕ್ಷೆ.

ನಮ್ಮಲ್ಲಿ ಎಲ್ಲಿ ಸೋರುತ್ತಿದೆ?

ಮುಂಬೈ ಸಂಚಾರ ಪೊಲೀಸರು 2007ರಿಂದ ಕುಡಿದು ಓಡಿಸುವವರ ವಿರುದ್ಧ ಅಭಿಯಾನ ನಡೆಸುತ್ತಿದ್ದಾರೆ. ಶುರುವಿನ ವರ್ಷಗಳಲ್ಲಿ ಕೋರ್ಟುಗಳು ನೇರವಾಗಿ ಜೈಲಿಗೆ ಕಳಿಸಿದ್ದು ಈ ಊರಿನ ಕುಡಿಯುವ ಅಭ್ಯಾಸವನ್ನೇ ಬದಲಿಸಿತು. ಬಾರಿಗೆ ಡ್ರೈವರ್ ಜೊತೆ ಬರುವುದು, ಟ್ಯಾಕ್ಸಿಯಲ್ಲಿ ಹೋಗುವುದು ಆಗ ರೂಢಿಯಾಯಿತು ಅಂತ ಗಲ್ಲಾದಲ್ಲಿ ಕೂರುವ ಹಿರಿಯರು ಇವತ್ತಿಗೂ ಹೇಳುತ್ತಾರೆ. ಆ ಕಾರಣಕ್ಕೆ ಮುಂಬೈಯನ್ನು ಮೆಚ್ಚಲೇಬೇಕು.

ಆದರೂ ನಾಕಾಬಂದಿ ಎಲ್ಲಿ, ಯಾವಾಗ ಅಂತ ಊರಿಗೆಲ್ಲ ಗೊತ್ತಿರುತ್ತದೆ. ಡಿಸೆಂಬರ್ 31, ಹೋಳಿ, ಶನಿವಾರ ರಾತ್ರಿ. ಮಂಗಳವಾರ ಮಧ್ಯಾಹ್ನ ಕುಡಿದು ಓಡಿಸುವವನನ್ನು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಏಳಕ್ಕೆ ಊದಿಸುವುದನ್ನು ಹೆಚ್ಚಿನವರು ಕಂಡೇ ಇರಲಿಕ್ಕಿಲ್ಲ.

ಇದಕ್ಕೆ ಕಾನೂನಿನಲ್ಲೇ ಒಂದು ಕಾರಣ ಇದೆ. ಸೆಕ್ಷನ್ 203ರ ಪ್ರಕಾರ ಚಾಲಕ ಕುಡಿದಿದ್ದಾನೆ ಎಂದು ಅನುಮಾನ ಪಡಲು ಸಕಾರಣ ಇದ್ದರೆ ಮಾತ್ರ ಪೊಲೀಸರು ಊದಲು ಹೇಳಬಹುದು. ನ್ಯೂ ಸೌತ್ ವೇಲ್ಸ್‌ನಂತೆ ಎಲ್ಲರನ್ನೂ ಊದಿಸುವ ಅಧಿಕಾರವನ್ನು ಕಾಯ್ದೆ ಸ್ಪಷ್ಟವಾಗಿ ಕೊಟ್ಟಿಲ್ಲ. ಹೀಗಾಗಿ ನಮ್ಮಲ್ಲಿ ಪೊಲೀಸರು ಮೊದಲು ಕಾರಿನ ಕಿಟಕಿಯ ಹತ್ತಿರ ಬಗ್ಗಿ, ಮಾತಾಡಿಸಿ, ವಾಸನೆ ಬರುತ್ತದಾ ಅಂತ ನೋಡುತ್ತಾರೆ. ಬಾಯಿಗೆ ಏಲಕ್ಕಿ, ಪಾನ್ ಹಾಕಿಕೊಂಡವನು ನಕ್ಕು ಮುಂದೆ ಹೋಗುತ್ತಾನೆ. ಏಲಕ್ಕಿ ಮನುಷ್ಯನ ಮೂಗನ್ನು ಮೋಸ ಮಾಡಬಹುದು, ಯಂತ್ರವನ್ನು ಮಾಡಲಾರದು. ಊದಿದ ಗಾಳಿ ಬರುವುದು ಶ್ವಾಸಕೋಶದ ಆಳದಿಂದ. ಅಲ್ಲಿ ರಕ್ತದ ಆಲ್ಕೋಹಾಲ್ ಗಾಳಿಗೆ ಸೇರಿಕೊಳ್ಳುತ್ತದೆ. ಸುಮಾರು 2100 ಮಿ.ಲೀ. ಉಸಿರಿನಲ್ಲಿ ಇರುವಷ್ಟು ಆಲ್ಕೋಹಾಲ್ 1 ಮಿ.ಲೀ. ರಕ್ತದಲ್ಲಿ ಇರುತ್ತದೆ ಅನ್ನುವ ಲೆಕ್ಕದ ಮೇಲೆ ಯಂತ್ರ ಸಂಖ್ಯೆ ತೋರಿಸುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಮೌತ್‌ವಾಶ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಬಾಯಲ್ಲಿ ಅದು ಉಳಿದಿದ್ದರೆ ಯಂತ್ರ ಜಾಸ್ತಿ ತೋರಿಸಬಹುದು. ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿದರೆ ಸರಿಯಾಗುತ್ತದೆ. ಊದುವ ಮುಂಚೆ ಹೊಸ ನಳಿಗೆ ಹಾಕಿದ್ದಾರಾ, ಯಂತ್ರ ಸೊನ್ನೆ ತೋರಿಸುತ್ತಿದೆಯಾ ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ಮರ್ಯಾದೆಯಿಂದಲೇ ಕೇಳಿ.

ಎರಡನೆಯ ಸೋರಿಕೆ ಸಮಯದ್ದು. ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಇಲ್ಲವಾದರೆ ಬಿಡಬೇಕು ಅನ್ನುತ್ತದೆ ಸೆಕ್ಷನ್ 202. ಆ ಆತುರಕ್ಕೆ ಕಾರಣ ನಾವು ಆಗಲೇ ನೋಡಿದ ಗಂಟೆಗೆ 15 ಮಿಲಿಗ್ರಾಂ. 2024ರ ಜುಲೈ 7ರ ಬೆಳಗಿನ ಜಾವ ವರ್ಲಿಯಲ್ಲಿ ಸ್ಕೂಟರಿನಲ್ಲಿ ಮೀನು ತರುತ್ತಿದ್ದ ಕೋಳಿವಾಡದ (ಮೀನುಗಾರರ ಕೇರಿಯ) ದಂಪತಿಗೆ ಕಾರು ಗುದ್ದಿತು. ಹೆಂಡತಿ ಸತ್ತರು. ಕಾರು ಓಡಿಸುತ್ತಿದ್ದ ಎಂದು ಆರೋಪ ಇರುವ ಯುವಕ ಪೊಲೀಸರಿಗೆ ಸಿಕ್ಕಿದ್ದು ಎರಡು ದಿನದ ನಂತರ. ಅಷ್ಟು ಹೊತ್ತಿನಲ್ಲಿ ಯಾರ ರಕ್ತದಲ್ಲೂ ಏನೂ ಉಳಿಯುವುದಿಲ್ಲ. ಮಿತಿ 30 ಇದ್ದರೂ ಒಂದೇ, ಸೊನ್ನೆ ಇದ್ದರೂ ಒಂದೇ.

ಅದೇ ವರ್ಷದ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಇಂಜಿನಿಯರುಗಳು ಸತ್ತರು. ಹುಡುಗನ ರಕ್ತದ ಮಾದರಿಯನ್ನೇ ಆಸ್ಪತ್ರೆಯಲ್ಲಿ ಬದಲಿಸಿದರು ಅನ್ನುವುದು ಪೊಲೀಸರ ಆರೋಪ. ವೈದ್ಯರ ಬಂಧನವೂ ಆಯಿತು. ಮಹಾರಾಷ್ಟ್ರದಲ್ಲಿ ವಿಸ್ಕಿ, ರಮ್ ಕುಡಿಯಲು 25 ವರ್ಷ ಆಗಿರಬೇಕು. ಗಾಡಿ ಓಡಿಸಲು 18 ಆಗಿರಬೇಕು. ಎರಡು ಮಿತಿಗಳು ಪುಸ್ತಕದಲ್ಲಿ ಬಿಗಿಯಾಗಿಯೇ ಇದ್ದವು. ಆ ಇಬ್ಬರನ್ನು ಅವು ಉಳಿಸಲಿಲ್ಲ. ಅವರ ಮನೆಯವರ ಮುಂದೆ ನಿಂತು ಯಾವ ಸಂಖ್ಯೆಯ ಬಗ್ಗೆ ಮಾತಾಡುವುದು?

ಸರ್ಕಾರದ ಅಂಕಿ-ಅಂಶದಲ್ಲಿ ಕುಡಿತದ ಪಾಲು ಬಹಳ ಚಿಕ್ಕದು ಅಂತ ಕೆಲವರು ಹೇಳುತ್ತಾರೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491. ಅದರಲ್ಲಿ ಕುಡಿತ ಮತ್ತು ಮಾದಕ ವಸ್ತುಗಳ ಖಾತೆಗೆ ಹೋದದ್ದು ಶೇಕಡಾ ಎರಡೂವರೆಯಷ್ಟು. ಈ ಸಂಖ್ಯೆಯನ್ನು ಓದುವಾಗ ಹುಷಾರಾಗಿರಬೇಕು. ಅಪಘಾತವಾದ ಪ್ರತಿ ಚಾಲಕನನ್ನೂ ನಮ್ಮಲ್ಲಿ ಊದಿಸುವುದಿಲ್ಲ, ರಕ್ತ ತೆಗೆಯುವುದಿಲ್ಲ. ಕುಡಿದವನು ವೇಗವಾಗಿ ಓಡಿಸಿ ಗುದ್ದಿದರೆ ಕಾಗದದಲ್ಲಿ ಬರೆಯುವುದು ಅತಿವೇಗ ಅಂತ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಬಂದವರನ್ನು ಅಧ್ಯಯನ ಮಾಡಿದಾಗ ಕುಡಿದವರ ಪಾಲು ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು.

ಮೂರನೆಯ ಸೋರಿಕೆ ಮನೆಗೆ ಹೋಗುವ ದಾರಿಯದ್ದು. ಮುಂಬೈಯಲ್ಲಿ ಪರ್ಮಿಟ್ ರೂಮ್ ಮುಚ್ಚುವುದು ರಾತ್ರಿ ಒಂದೂವರೆಗೆ. ಕೊನೆಯ ಲೋಕಲ್ ಒಂದು ಗಂಟೆಯ ಹೊತ್ತಿಗೆ ಹೊರಟುಹೋಗಿರುತ್ತದೆ. ಮೊದಲ ಲೋಕಲ್ ನಾಲ್ಕರ ನಂತರ. ಕಲ್ವಾ, ವಿರಾರ್ ಕಡೆ ಮನೆ ಇರುವವನು ಆ ಹೊತ್ತಿನಲ್ಲಿ ಟ್ಯಾಕ್ಸಿಗೆ ಕೊಡಬೇಕಾದ ದುಡ್ಡು ಕುಡಿದ ಬಿಲ್ಲಿಗಿಂತ ಜಾಸ್ತಿ ಆಗಬಹುದು. ಬಾರಿನ ಹುಡುಗರದ್ದೂ ಇದೇ ಪಾಡು. ಶಟರ್ ಎಳೆದು, ಲೆಕ್ಕ ಒಪ್ಪಿಸಿ, ದಣಿವಿಗೆ ಒಂದು ಲಾರ್ಜ್ ಹಾಕಿ, ಎರಡು ಗಂಟೆಗೆ ಸ್ಕೂಟರ್ ಹತ್ತುತ್ತಾರೆ. ನಾಕಾಬಂದಿಯಲ್ಲಿ ಸಿಕ್ಕಿಬಿದ್ದರೆ ಒಂದು ತಿಂಗಳ ಸಂಬಳ ಹೋಗುತ್ತದೆ. ಗ್ಲಾಸ್ಗೋದವರು ಹೇಳಿದ "ಅಗ್ಗದ ಬೇರೆ ದಾರಿ" ನಮಗೂ ಬೇಕು. ದೊಡ್ಡ ಹೋಟೆಲಿನವರು ಸ್ಟಾಫಿಗೆ ಒಂದು ವ್ಯಾನ್ ಇಡುವುದು ಅಸಾಧ್ಯದ ಮಾತೇನಲ್ಲ.

ಹಾಗಾದರೆ ಇಳಿಸಬೇಕಾದದ್ದು ಯಾರಿಗೆ?

ಸೆಕ್ಷನ್ 185ರಲ್ಲಿ ಎಲ್ಲರಿಗೂ ಒಂದೇ ಮಿತಿ. ಸ್ಕೂಟರ್ ಓಡಿಸುವವನಿಗೂ 30, ನಲವತ್ತು ಜನರನ್ನು ಮಲಗಿಸಿಕೊಂಡು ಘಟ್ಟ ಇಳಿಸುವ ಸ್ಲೀಪರ್ ಬಸ್ ಚಾಲಕನಿಗೂ 30. ಇದು ಸರಿಯಲ್ಲ. ಬಸ್, ಲಾರಿ, ಸ್ಕೂಲ್ ವ್ಯಾನ್, ಟ್ಯಾಕ್ಸಿ ಚಾಲಕರಿಗೆ ಮತ್ತು ಹೊಸದಾಗಿ ಲೈಸೆನ್ಸ್ ಪಡೆದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 20 ಇರಬೇಕು. ಸೊನ್ನೆ ಯಾಕಲ್ಲ ಅಂದರೆ, ಯಂತ್ರದ ಸಣ್ಣ ವ್ಯತ್ಯಾಸಕ್ಕೆ, ಔಷಧಿಗೆ ಸ್ವಲ್ಪ ಜಾಗ ಬಿಡಬೇಕು. ಇಲ್ಲವಾದರೆ ಕುಡಿಯದವನೂ ಸಿಕ್ಕಿಕೊಳ್ಳುತ್ತಾನೆ, ಕೋರ್ಟಿನಲ್ಲಿ ಕೇಸೂ ನಿಲ್ಲುವುದಿಲ್ಲ. ಆ 70 ಕಿಲೋ ಲೆಕ್ಕದಲ್ಲಿ ಒಂದು ಸ್ಮಾಲ್ ಹಾಕಿದರೂ 20 ದಾಟುತ್ತದೆ. ಅಂದರೆ ಕೆಲಸದ ದಿನ ಒಂದು ಹನಿಯೂ ಬೇಡ ಅನ್ನುವುದು ತಾನಾಗಿಯೇ ಜಾರಿಗೆ ಬರುತ್ತದೆ. ಹೊಸಬರಿಗೆ ಯಾಕೆ ಅಂದರೆ, ಕೈ ಪಳಗದವರಲ್ಲಿ ಕಡಿಮೆ ಪ್ರಮಾಣದ ಆಲ್ಕೋಹಾಲ್‌ಗೇ ಅಪಾಯ ಜಾಸ್ತಿ ಏರುತ್ತದೆ. ಶನಿವಾರ ಬೆಳಗಾವಿ, ಹುಬ್ಬಳ್ಳಿಯಿಂದ ಚೋರ್ಲಾ ಘಟ್ಟ ಇಳಿದು ಗೋವಾಕ್ಕೆ ಹೋಗಿ, ಬಾಡಿಗೆ ಬೈಕ್ ಹಿಡಿದು ಬೀಚಿನಿಂದ ಬೀಚಿಗೆ ಸುತ್ತುವ ನಮ್ಮ ಹುಡುಗರಲ್ಲಿ ಎಷ್ಟು ಜನರ ಲೈಸೆನ್ಸ್ ಎರಡು ವರ್ಷ ಹಳೆಯದು?

ಉಳಿದವರಿಗೆ 30 ಇರಲಿ. ಅದನ್ನು 20 ಅಂತ ಅಚ್ಚು ಹಾಕುವುದಕ್ಕಿಂತ, ಸೆಕ್ಷನ್ 203ರ ಅನುಮಾನದ ಷರತ್ತನ್ನು ತೆಗೆದು ಯಾರನ್ನು ಬೇಕಾದರೂ ಊದಿಸಬಹುದು ಅಂತ ಮಾಡಿದರೆ ಹೆಚ್ಚು ಜೀವ ಉಳಿಯುತ್ತದೆ ಅನ್ನುವುದು ನನ್ನ ನಂಬಿಕೆ. ಅಪಘಾತದಲ್ಲಿ ಯಾರಿಗೇ ಪೆಟ್ಟಾದರೂ ಚಾಲಕನನ್ನು ಊದಿಸುವುದು ಕಡ್ಡಾಯ ಆಗಬೇಕು. ಆಗ ಸರ್ಕಾರದ ಅಂಕಿಗಳಿಗೂ ಒಂದು ಅರ್ಥ ಬರುತ್ತದೆ.

ಕಾಯ್ದೆ ತಿದ್ದುವುದು ಸಂಸತ್ತಿನ ಕೆಲಸ, ಅದಕ್ಕೆ ವರ್ಷಗಳು ಹಿಡಿಯಬಹುದು. ಆದರೆ ಬಸ್ ಹೊರಡುವ ಮುಂಚೆ ಚಾಲಕನನ್ನು ಊದಿಸಿ ನೋಡಲು ಬಸ್ ಮಾಲೀಕನಿಗೆ ಯಾವ ತಿದ್ದುಪಡಿಯೂ ಬೇಕಿಲ್ಲ. ಮುಂಬೈಯಿಂದ ಉಡುಪಿ, ಮಂಗಳೂರು, ಬೆಂಗಳೂರಿಗೆ ರಾತ್ರಿ ಬಸ್ಸುಗಳಲ್ಲಿ ಹೋಗುವವರಲ್ಲಿ ದೊಡ್ಡ ಪಾಲು ನಾವೇ. ಹಬ್ಬಕ್ಕೆ, ಕೋಲಕ್ಕೆ, ಮದುವೆಗೆ ಸಂಘದವರು ಬಸ್ಸುಗಟ್ಟಲೆ ಸೀಟು ಬುಕ್ ಮಾಡುತ್ತಾರೆ. ಬುಕ್ ಮಾಡುವಾಗ ಎಸಿ ಇದೆಯಾ, ಎಷ್ಟು ಗಂಟೆಗೆ ಮುಟ್ಟುತ್ತದೆ ಅಂತ ಕೇಳುತ್ತೇವೆ. ಸಂಘದ ಕಾರ್ಯದರ್ಶಿಗಳು ಇನ್ನು ಮುಂದೆ ಇಬ್ಬರೂ ಚಾಲಕರನ್ನು ನಮ್ಮೆದುರೇ ಊದಿಸಿ ಆ ಸಂಖ್ಯೆಯನ್ನು ತೋರಿಸಿ ಅಂತ ಕೇಳಲಿ. ಒಪ್ಪದ ಮಾಲೀಕರ ಬಸ್ಸು ಬೇಡ.